ಮಂಗಳವಾರದ ಫಿಟ್ಸ್

ನಮ್ಮ ನಾಯಿಗೆ ಹೆಸರಿಲ್ಲ. ಇದೊಂದು ಸಮಸ್ಯೆ ಎಂದು ನಮಗೆ ಗೊತ್ತಾದದ್ದು ಅದಕ್ಕೆ ಕಾಯಿಲೆ ಬಂದ ಮೇಲೆ. ದೇರೆಬೈಲಿನ ನಮ್ಮ ಮನೆಯ ಗೇಟಿನ ಸಂದಿಯಿಂದ ಮರಿಯಾಗಿ ನುಸುಳಿ ಬಂದ ಈ ಕಂದು ಬಣ್ಣದ ಹೆಣ್ಣು ನಾಯಿಯನ್ನು ಅಮ್ಮ "ಬಾ ಮಗಳೇ" ಎಂದು ಕರೆದಳು. ಅದು ಬಂತು, ಉಳಿಯಿತು. ಆಮೇಲೆ ಹೆಸರಿನ ಅಗತ್ಯ ಯಾರಿಗೂ ಬೀಳಲಿಲ್ಲ. ಅಮ್ಮ ಮಗಳೇ ಎನ್ನುತ್ತಾಳೆ, ನನ್ನ ಹೆಂಡತಿ "ಏಯ್" ಎನ್ನುತ್ತಾಳೆ, ನಾನು ಶಿಳ್ಳೆ ಹೊಡೆಯುತ್ತೇನೆ. ಅಮ್ಮ ಕರೆದರೆ ಬಾಲ ಅಲ್ಲಾಡಿಸುತ್ತ ಓಡಿ ಬರುತ್ತದೆ. ಉಳಿದಿಬ್ಬರಿಗೆ ಒಂದು ಕಿವಿ ಎತ್ತುವಷ್ಟು ಮರ್ಯಾದೆ ಕೊಡುತ್ತದೆ.

ಅಮ್ಮನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮದು ಕಡಲನ್ನು ನಂಬಿದ ಮನೆತನ. ಅಪ್ಪ ದೋಣಿಯಲ್ಲಿ ಹೋಗುತ್ತಿದ್ದರು, ಅಮ್ಮ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುತ್ತಿದ್ದಳು. ಆ ಮೀನು ತಿಂದು, ಆ ಮೀನಿನ ದುಡ್ಡಿನಲ್ಲೇ ಓದಿ, ನಾನು ಬಲ್ಮಠದ ಒಂದು ವಿಮಾ ಕಚೇರಿಯಲ್ಲಿ ಕ್ಲೇಮು ಪರಿಶೀಲಿಸುವ ಕುರ್ಚಿಯಲ್ಲಿ ಕುಳಿತೆ. ಜನ ಹೇಳುವುದನ್ನು ನಂಬದೆ ಇರುವುದಕ್ಕೆ ಅಲ್ಲಿ ನನಗೆ ಸಂಬಳ. ಈ ಗುಣವನ್ನು ಸಂಜೆ ಕಚೇರಿಯಲ್ಲೇ ಬಿಟ್ಟು ಬರಬೇಕು ಎಂದು ಹೆಂಡತಿ ಹೇಳುತ್ತಿರುತ್ತಾಳೆ. ಅಮ್ಮ ಬುಟ್ಟಿ ಇಳಿಸಿ ವರ್ಷಗಳಾದವು; ದನಿ ಮಾತ್ರ ಇಳಿಸಿಲ್ಲ. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಅವಳ ಮಾತನ್ನು ಕನ್ನಡಕ್ಕೆ ತಂದಿದ್ದೇನೆ. ಖಾರ ಕಡಿಮೆಯಾಗಿದ್ದರೆ ಅದು ನನ್ನ ತಪ್ಪು.

ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಾಯಿ ದೊಪ್ಪೆಂದು ಬಿತ್ತು. ನಾಲ್ಕೂ ಕಾಲು ಸೆಟೆದು ಗಾಳಿಯಲ್ಲಿ ಓಡತೊಡಗಿದವು, ಬಾಯಲ್ಲಿ ನೊರೆ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕು ಎಂದು ನಾನು ಎಲ್ಲೋ ಕೇಳಿದ್ದೆ. ಅದು ಸುಳ್ಳು ಎಂದೂ ಓದಿದ್ದೆ. ಆದರೆ ಆ ಹೊತ್ತಿಗೆ ಓದಿದ್ದು ನೆನಪಿಗೆ ಬರಲಿಲ್ಲ, ಕೇಳಿದ್ದು ಬಂತು. ಜೇಬಿನಲ್ಲಿದ್ದ ಸ್ಕೂಟರಿನ ಕೀಲಿಕೈ ತೆಗೆದು ನಾಯಿಯ ಮುಂಗಾಲಿಗೆ ಒತ್ತಿ ಹಿಡಿದೆ.

ಅಮ್ಮ ಓಡಿ ಬಂದವಳು ನಡುಗುವ ದನಿಯಲ್ಲೇ ಬೈದಳು. "ಕೀ ಯಾಕೆ ಕೊಡ್ತೀ ಅದಕ್ಕೆ? ಎಂತ, ಆಫೀಸಿಗೆ ಹೋಗ್ಲಿಕ್ಕೆ ಉಂಟಾ?"

ಸ್ವಲ್ಪ ಹೊತ್ತಿಗೆ ನಾಯಿ ಎದ್ದು ಕುಳಿತಿತು, ನಮ್ಮನ್ನು ಗುರುತು ಸಿಗದವರ ಹಾಗೆ ನೋಡಿತು. ಅಮ್ಮ ಸೆರಗಿನಿಂದ ಅದರ ಬಾಯಿ ಒರೆಸುತ್ತ ಅಳುತ್ತಿದ್ದಳು. ಅಪ್ಪ ತೀರಿಕೊಂಡಾಗ ಬಿಟ್ಟರೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ. ಆಟೋ ತರಿಸಿದೆವು.

ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಮೊದಲು ಎದುರಾದದ್ದು ಕಂಪ್ಯೂಟರಿನ ಹಿಂದೆ ಕುಳಿತ ಹುಡುಗಿ. "ಪೇಷಂಟ್ ಹೆಸರು?" ಎಂದಳು. ಹೆಸರಿಲ್ಲ ಎಂದೆ. ಹೆಸರು ಹಾಕದಿದ್ದರೆ ಕಂಪ್ಯೂಟರು ಮುಂದೆ ಹೋಗುವುದಿಲ್ಲ ಎಂದಳು. "ಮಗಳು ಅಂತ ಬರೀರಿ" ಎಂದಳು ಅಮ್ಮ. ಹುಡುಗಿಗೆ ಅದು ಸರಿ ಕಾಣಲಿಲ್ಲ. ಕೊನೆಗೆ, "ಸರ್, ಸದ್ಯಕ್ಕೆ ನಿಮ್ಮ ಹೆಸರೇ ಹಾಕ್ತೇನೆ, ಮತ್ತೆ ಚೇಂಜ್ ಮಾಡುವ" ಎಂದು ಟೈಪು ಮಾಡಿದಳು. ಆ ಬದಲಾವಣೆ ಇವತ್ತಿನವರೆಗೂ ಆಗಿಲ್ಲ. ಹಾಗಾಗಿ ಆ ಕ್ಲಿನಿಕ್ಕಿನ ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ನನ್ನ ಹೆಸರು, ಅದರ ಕೆಳಗೆ: ನಾಯಿ, ಹೆಣ್ಣು, ನಾಟಿ ತಳಿ, ಬಣ್ಣ ಕಂದು.

ವೈದ್ಯೆ ಪರೀಕ್ಷೆ ಮಾಡಿ, ಇದು ಫಿಟ್ಸೇ, ಬದುಕಿರುವಷ್ಟು ಕಾಲ ಮಾತ್ರೆ ಕೊಡಬೇಕು ಎಂದರು. "ಬೆಳಿಗ್ಗೆ ಸಂಜೆ. ಒಂದು ದಿನವೂ ತಪ್ಪಬಾರ್ದು. ತಪ್ಪಿದ್ರೆ ಮತ್ತೆ ಬರ್ತದೆ, ಜೋರಾಗಿ ಬಂದ್ರೆ ಜೀವಕ್ಕೇ ಅಪಾಯ, ಗೊತ್ತಾಯ್ತಲ್ಲ?" ಎಂದರು. ಮಾತ್ರೆ ಮನುಷ್ಯರಿಗೆ ಕೊಡುವಂಥದ್ದೇ, ತಾನು ಕಂಪನಿಯ ಹೆಸರು ಬರೆಯದೆ ಮದ್ದಿನ ಹೆಸರು ಮಾತ್ರ ಬರೆದಿದ್ದೇನೆ, ಜನರಿಕ್ ಸಿಕ್ಕಿದರೆ ತೆಗೆದುಕೊಳ್ಳಿ, ಅಗ್ಗ, ಕೆಲಸ ಅದೇ ಎಂದೂ ಹೇಳಿದರು. ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಅಂಥ ಒಳ್ಳೆಯ ಡಾಕ್ಟರನ್ನು ನಾನು ನೋಡಿಲ್ಲ ಎಂದು ಆಟೋದಲ್ಲಿ ಅಮ್ಮನಿಗೆ ಹೇಳಿದೆ.

ಅಗ್ಗದ ಮಾತ್ರೆ ಇದೆ ಎನ್ನುವುದು ಬೇರೆ, ಅದು ಕೈಗೆ ಸಿಗುವುದು ಬೇರೆ. ಮನೆಯ ಹತ್ತಿರದ ಮೆಡಿಕಲ್ಲಿನಲ್ಲಿ ಜನ ತುಂಬಿದ್ದರು. ಕೌಂಟರಿನವನು ಚೀಟಿಯನ್ನು ಬೆಳಕಿಗೆ ಹಿಡಿದು ನನ್ನ ಹೆಸರು ಕೂಗಿ ಓದಿದ. ನಾನು ಕೈ ಎತ್ತಿದೆ. ಅವನು ಮುಂದಿನ ಸಾಲನ್ನೂ ಅದೇ ದನಿಯಲ್ಲಿ ಓದಿಬಿಟ್ಟ. ಜನ ನನ್ನ ಕಡೆ ತಿರುಗಿದರು. ಒಬ್ಬ ಹೆಂಗಸು ನನ್ನ ಬಣ್ಣ ಕಂದು ಹೌದೋ ಅಲ್ಲವೋ ಎಂದು ಪರೀಕ್ಷಿಸುವಂತೆ ನೋಡಿದಳು.

"ಇದು ಪ್ರಾಣಿ ಡಾಕ್ಟ್ರ ಚೀಟಿ ಅಲ್ವಾ ಸರ್? ಇದು ಸುಮ್ಮನೆ ಕೊಡುವ ಮಾತ್ರೆ ಅಲ್ಲ, ಕಂಟ್ರೋಲ್ ಉಂಟು. ನಮಗೆ ಮನುಷ್ಯರ ಡಾಕ್ಟ್ರದ್ದು ಬೇಕು," ಎಂದ ಅವನು.

"ಪೇಷಂಟ್ ಮನುಷ್ಯ ಅಲ್ಲ ಮಾರಾಯ, ನಾಯಿ."

"ಹಾಗಾದ್ರೆ ನಾಯಿಯ ಅಂಗಡಿಗೆ ಹೋಗಿ ಸರ್."

ನಾಯಿಯ ಅಂಗಡಿಗೆ ಹೋದೆ. ಅಲ್ಲಿ ಶಾಂಪೂ ಇತ್ತು, ಉಣ್ಣಿಯ ಪುಡಿ ಇತ್ತು, ಬೆಲ್ಟು, ರಬ್ಬರಿನ ಎಲುಬು, ಮಳೆಗಾಲದಲ್ಲಿ ಹಾಕುವ ಸಣ್ಣ ರೈನ್‌ಕೋಟು ಎಲ್ಲ ಇತ್ತು. ಆ ಮಾತ್ರೆ ಇರಲಿಲ್ಲ. "ಅದು ಮನುಷ್ಯರ ಮಾತ್ರೆ ಅಲ್ವಾ? ಮೆಡಿಕಲ್‌ನಲ್ಲಿ ಕೇಳಿ," ಎಂದ ಅಂಗಡಿಯವನು. ಬೇಕಿದ್ದರೆ ಹೊರದೇಶದ್ದೊಂದು ಉಂಟು, ಆರ್ಡರ್ ಹಾಕಿ ತರಿಸಬೇಕು ಎಂದು ಮೊಬೈಲಿನಲ್ಲಿ ಡಬ್ಬಿಯ ಚಿತ್ರ ತೋರಿಸಿದ. ಡಬ್ಬಿಯ ಮೇಲೆ ಹಲ್ಲು ಬಿಟ್ಟು ನಗುವ ಬಂಗಾರದ ಬಣ್ಣದ ನಾಯಿ. ಬೆಲೆ ಕೇಳಿದ ಮೇಲೆ ಅದು ಯಾಕೆ ನಗುತ್ತಿದೆ ಎಂದು ನನಗೆ ಅರ್ಥವಾಯಿತು.

ಸಿಕ್ಕ ಮೆಡಿಕಲ್ಲುಗಳಲ್ಲೆಲ್ಲ ಕೇಳುತ್ತ ಶಕ್ತಿನಗರದ ತನಕ ಹೋಗಿ ಬಂದೆ. ಒಬ್ಬರು ಕೊಡುವುದಿಲ್ಲ ಎಂದರು, ಒಬ್ಬರು ಸ್ಟಾಕ್ ಇಲ್ಲ ಎಂದರು, ಒಬ್ಬರು ನನ್ನನ್ನೇ ಸಂಶಯದಿಂದ ನೋಡಿ, "ನಾಯಿಯನ್ನು ಕರ್ಕೊಂಡು ಬನ್ನಿ, ನೋಡ್ತೇವೆ" ಎಂದರು. ಕ್ಲೇಮಿಗೆ ಬಂದವರನ್ನು ನಾನು ವರ್ಷಗಟ್ಟಲೆ ನೋಡಿದ್ದು ಇದೇ ಕಣ್ಣಿನಿಂದ. ಅದನ್ನು ಈ ಕಡೆಯಿಂದ ನೋಡುವಾಗ ಚೆನ್ನಾಗಿರುವುದಿಲ್ಲ.

ಕೊನೆಗೆ ನನ್ನ ಕಚೇರಿಯ ಬದಿಯ ಓಣಿಯಲ್ಲೇ ಇದ್ದ ಜನರಿಕ್ ಮದ್ದಿನ ಅಂಗಡಿಯಲ್ಲಿ ಕೆಲಸವಾಯಿತು. ಅಲ್ಲಿದ್ದ ಹೆಂಗಸು ಚೀಟಿಯನ್ನು ಸದ್ದಿಲ್ಲದೆ ಓದಿದರು. ಓದಿ ನನ್ನ ಮುಖವನ್ನೂ ಚೀಟಿಯನ್ನೂ ಒಮ್ಮೆ ಹೋಲಿಸಿ, ನಗು ಬಂದದ್ದನ್ನು ನುಂಗಿಕೊಂಡು, ವೈದ್ಯೆಗೆ ಫೋನ್ ಮಾಡಿ ವಿಚಾರಿಸಿದರು. "ನಾಯಿಯ ಡಾಕ್ಟ್ರೂ ಡಾಕ್ಟ್ರೇ ಅಲ್ವಾ? ಆದ್ರೆ ಪ್ರತಿ ಸರ್ತಿ ಹೊಸ ಚೀಟಿ ತರ್ಬೇಕು, ಹಳೇದು ಆಗುದಿಲ್ಲ," ಎಂದು ಚೀಟಿಗೆ ಮೊಹರು ಒತ್ತಿ ಮಾತ್ರೆ ಕೊಟ್ಟರು. ಊರಿಡೀ ತಿರುಗಿಸಿದ ಮಾತ್ರೆ ಅಷ್ಟು ಕಡಿಮೆ ಬೆಲೆಗೆ ಸಿಕ್ಕಿದಾಗ ಮೊದಲು ಸಂತೋಷವಾಯಿತು, ಆಮೇಲೆ ಸ್ಕೂಟರಿಗೆ ಹಾಕಿದ ಪೆಟ್ರೋಲು ನೆನಪಾಗಿ ಸಿಟ್ಟು ಬಂತು.

ಮಾತ್ರೆ ತಿನ್ನಿಸುವ ಕೆಲಸ ಅಮ್ಮನದು. ಸಣ್ಣ ಬೂತಾಯಿ ಮೀನನ್ನು ಉಪ್ಪು ಹಾಕದೆ ಬೇಯಿಸಿ, ಅದರ ಹೊಟ್ಟೆಯೊಳಗೆ ಮಾತ್ರೆ ತುರುಕಿ, "ಇಕೋ ಮಗಳೇ" ಎಂದು ಹಿಡಿಯುತ್ತಿದ್ದಳು. ನಾಯಿ ಒಂದೇ ಬಾಯಿಗೆ ನುಂಗುತ್ತಿತ್ತು. ಅದು ಮೀನಿನವರ ಮನೆಯ ನಾಯಿ. ತಾಜಾ ಮೀನಾದರೆ ಒಳಗೆ ಏನಿದೆ ಎಂದು ಕೇಳುವುದಿಲ್ಲ. ಐಸಿನಲ್ಲಿ ಮಲಗಿದ ಮೀನಾದರೆ ಮೂಸಿ ನೋಡಿ ಅಮ್ಮನ ಮುಖ ನೋಡುತ್ತದೆ. ಫಿಟ್ಸ್ ನಿಂತಿತು. ನನ್ನ ಓಡಾಟಕ್ಕೆ ಬೆಲೆ ಬಂತೆಂದು ನಾನು ಹೆಮ್ಮೆಪಟ್ಟೆ. ಒಳ್ಳೆಯ ಮಾತ್ರೆ ಅಗ್ಗದಲ್ಲಿ ಹೇಗೆ ಸಿಗುತ್ತದೆ ಎಂದು ಕಚೇರಿಯಲ್ಲಿ ಕೇಳದವರಿಗೂ ಹೇಳಿದೆ.

ನಾಯಿ ಮತ್ತೆ ಬಿದ್ದದ್ದು ಒಂದು ಮಂಗಳವಾರ ಬೆಳಿಗ್ಗೆ. ಎರಡು ವಾರ ಬಿಟ್ಟು ಇನ್ನೊಮ್ಮೆ, ಅದೂ ಮಂಗಳವಾರ. ವಾರದ ಲೆಕ್ಕ ನನಗೆ ಹೊಳೆದದ್ದಲ್ಲ. ಮಂಗಳವಾರ ಬೆಳಿಗ್ಗೆ ನಮ್ಮ ಕಚೇರಿಯಲ್ಲಿ ಮೀಟಿಂಗು. ನಾನು ಮತ್ತೊಮ್ಮೆ ತಡವಾಗಿ, ಪ್ಯಾಂಟಿನ ಮೇಲೆ ನಾಯಿಯ ಕೂದಲಿನೊಂದಿಗೆ ಒಳಗೆ ಹೋದಾಗ ಮ್ಯಾನೇಜರು ಹೇಳಿದರು: "ನಿಮ್ಮ ನಾಯಿಗೆ ಮೀಟಿಂಗ್ ಇರುವ ದಿನವೇ ಯಾಕೆ ಮಾರಾಯ್ರೆ ಫಿಟ್ಸ್ ಬರುದು? ನಮಗೆಲ್ಲ ಮೀಟಿಂಗ್ ಶುರುವಾದ ಮೇಲೆ ಬರ್ತದೆ."

ನನಗೆ ಕಾರಣ ಬೇಕಿತ್ತು, ಕಾರಣಕ್ಕಿಂತ ಹೆಚ್ಚಾಗಿ ಬೈಯಲು ಒಬ್ಬರು ಬೇಕಿತ್ತು. ಹೆಂಡತಿ ದಾರಿ ತೋರಿಸಿದಳು. "ಅಗ್ಗದ್ದು ಅಗ್ಗದ್ದು ಅಂತ ಊರಿಗೆಲ್ಲ ಹೇಳ್ತಾ ಬಂದ್ರಿ. ಈಗ ನೋಡಿ. ಆ ಮಾತ್ರೆಯಲ್ಲಿ ಎಂತ ಉಂಟೋ, ಸೀಮೆಸುಣ್ಣ ಉಂಟೋ!" ಎಂದಳು. ಅದು ನನ್ನನ್ನು ಚುಚ್ಚಲು ಹೇಳಿದ ಮಾತು ಎಂದು ತಿಳಿದಿದ್ದರೂ ನಾನು ಅದನ್ನೇ ಎತ್ತಿಕೊಂಡು ಬಲ್ಮಠದ ಆ ಜನರಿಕ್ ಅಂಗಡಿಗೆ ಹೋದೆ.

"ನಿಮ್ಮ ಮಾತ್ರೆ ವಾರದಲ್ಲಿ ಆರು ದಿನ ಮಾತ್ರ ಕೆಲಸ ಮಾಡ್ತದೆ," ಎಂದೆ ಆ ಹೆಂಗಸಿಗೆ.

ಅವರು ಕನ್ನಡಕ ಸರಿ ಮಾಡಿಕೊಂಡರು. "ಅಂದ್ರೆ? ಮಾತ್ರೆಗೆ ರಜೆ ಉಂಟಾ ಸರ್?"

ಜೋರಾಗಿ ಮಾತಾಡಿದೆ. ಕ್ಲೇಮು ತಿರಸ್ಕರಿಸುವಾಗ ಬಳಸುವ ಶಬ್ದಗಳನ್ನೆಲ್ಲ ಬಳಸಿದೆ. ಅವರು ನನ್ನನ್ನು ಪೂರ್ತಿ ಮಾತಾಡಲು ಬಿಟ್ಟು, ಹಿಂದೆ ನಿಂತವರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟು ಕಳಿಸಿ, "ನಿಮ್ಮ ಸಮಾಧಾನಕ್ಕೆ ದೊಡ್ಡ ಕಂಪನಿಯದ್ದೇ ತಕೊಳ್ಳಿ. ಇಲ್ಲಿ ಇಲ್ಲ, ಎದುರಿನ ಅಂಗಡಿಯಲ್ಲಿ ಉಂಟು, ನಾನು ಹೇಳಿದೆ ಅಂದ್ರೆ ಚೀಟಿ ನೋಡಿ ಕೊಡ್ತಾರೆ," ಎಂದರು. ನನ್ನನ್ನು ಅವರು ಎದುರಿನವನಿಗೆ ದಾಟಿಸಿದ್ದು ಪೂರ್ತಿ ಉದಾರತನದಿಂದಲ್ಲ ಎಂದು ಈಗ ಅನಿಸುತ್ತದೆ. ಅಲ್ಲಿ ಹೋಗಿ ದೊಡ್ಡ ಕಂಪನಿಯ ಮಾತ್ರೆ ಕೊಂಡೆ.

ಮುಂದಿನ ಮಂಗಳವಾರ ನಾಯಿ ಮತ್ತೆ ಬಿತ್ತು. ಈ ಸಲ ಹೆಚ್ಚು ಹೊತ್ತು. ನಿಂತ ಮೇಲೂ ಎದ್ದು ನಿಲ್ಲಲು ಅದಕ್ಕೆ ಆಗಲಿಲ್ಲ. ಅಮ್ಮನ ಮುಖ ಬಿಳಿಚಿಕೊಂಡಿತ್ತು. ಫೋನಿನಲ್ಲಿ ವೈದ್ಯೆ, "ಹೀಗೆ ಬರ್ತಾ ಇದ್ರೆ ಒಂದು ದಿನ ನಿಲ್ಲುದೇ ಇಲ್ಲ, ಹುಷಾರು," ಎಂದರು. ನಾನು ಮಂಗಳವಾರದ ವಿಷಯ ಹೇಳಿದೆ. ಅವರು, "ಕಾಯಿಲೆಗೆ ವಾರ ಗೊತ್ತಿಲ್ಲ. ಮನೆಯವರಿಗೆ ಗೊತ್ತುಂಟು. ಸೋಮವಾರ ನಿಮ್ಮಲ್ಲಿ ಎಂತ ವಿಶೇಷ?" ಎಂದು ಕೇಳಿದರು. ಏನೂ ಇಲ್ಲ ಎಂದೆ.

ಏನೂ ಇಲ್ಲ ಎಂದದ್ದು ಸುಳ್ಳಲ್ಲ, ನನಗೆ ಹಾಗೆಯೇ ಕಂಡಿತ್ತು. ಸೋಮವಾರದ ವಿಶೇಷ ಎಂದರೆ ಅಂದು ನಮ್ಮ ಮನೆಯಲ್ಲಿ ಮೀನು ಇಲ್ಲ, ಅಷ್ಟೇ. ಇದು ಇತ್ತೀಚಿನ ಏರ್ಪಾಡು. ಅಮ್ಮ ಇದ್ದಕ್ಕಿದ್ದಂತೆ ಸೋಮವಾರ ಮೀನು ಬಿಟ್ಟಿದ್ದಳು, ತಾನು ತಿನ್ನುವುದನ್ನು ಮಾತ್ರವಲ್ಲ, ಗೇಟಿನ ಒಳಗೆ ತರುವುದನ್ನೂ. ಹುಟ್ಟಿದಂದಿನಿಂದ ಮೀನಿನ ವಾಸನೆಯಲ್ಲೇ ಬದುಕಿದವಳು ಹೀಗೆ ಮಾಡಬೇಕಾದರೆ ಅದು ಹರಕೆಯೇ ಎಂದು ನಾನು ಊಹಿಸಿದ್ದೆ. ಯಾರಿಗಾಗಿ ಎಂದು ಕೇಳುವ ಅಗತ್ಯ ನನಗೆ ಕಾಣಲಿಲ್ಲ. ಆ ತಿಂಗಳೇ ನನಗೆ ಕಿಡ್ನಿಯಲ್ಲಿ ಕಲ್ಲು ಎಂದು ಡಾಕ್ಟರು ಹೇಳಿದ್ದರು. ಈ ವಯಸ್ಸಿನಲ್ಲೂ ಮಗನಿಗಾಗಿ ಮೀನು ಬಿಟ್ಟ ತಾಯಿಯ ಬಗ್ಗೆ ನಾನು ಕಚೇರಿಯಲ್ಲಿ ಹೇಳಿ, ಕ್ಯಾಶಿಯರಮ್ಮನ ಕಣ್ಣಲ್ಲಿ ನೀರು ತರಿಸಿದ್ದೆ.

ಮುಂದಿನ ಸೋಮವಾರ ರಜೆ ಹಾಕಿ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಅಮ್ಮ ಬಾಳೆಹಣ್ಣಿನ ತುಂಡಿಗೆ ಬೆಲ್ಲ ಸವರಿ, ಅದರೊಳಗೆ ಮಾತ್ರೆ ಇಟ್ಟು, ನಾಯಿಯನ್ನು ಕರೆದಳು. ನಾಯಿ ಬಹಳ ವಿನಯದಿಂದ ಅದನ್ನು ಬಾಯಲ್ಲಿ ತೆಗೆದುಕೊಂಡಿತು. ಅಮ್ಮ "ನನ್ನ ಬಂಗಾರ" ಎಂದು ತಲೆ ಸವರಿ ಒಳಗೆ ಹೋದಳು. ನಾಯಿ ಮಲ್ಲಿಗೆ ಗಿಡದ ಹಿಂದೆ ಹೋಗಿ ಬಾಯಲ್ಲಿದ್ದುದನ್ನು ಮೆಲ್ಲನೆ ನೆಲದ ಮೇಲಿಟ್ಟು, ಮೂಗಿನಿಂದ ಒಂದು ಒಣ ಎಲೆ ಮುಚ್ಚಿ, ಏನೂ ಆಗದವರಂತೆ ತಿರುಗಿ ಬಂತು. ಹೋಗಿ ನೋಡಿದರೆ ಅಲ್ಲಿ ಇರುವೆಗಳ ಜಾತ್ರೆ. ಎಷ್ಟೋ ಸೋಮವಾರಗಳಿಂದ ಬೆಳಿಗ್ಗೆ ಸಂಜೆ ತಪ್ಪದೆ ಅವಕ್ಕೆ ಮಾತ್ರೆ ಸಿಗುತ್ತಿತ್ತು. ಮೊದಲು ಜನರಿಕ್, ಈಗ ದೊಡ್ಡ ಕಂಪನಿಯದು. ದೇರೆಬೈಲಿನ ಇರುವೆಗಳಿಗೆ ಫಿಟ್ಸ್ ಬರುವ ಭಯವೇ ಇರಲಿಲ್ಲ.

ಅಮ್ಮನನ್ನು ಕರೆದು ತೋರಿಸಿದೆ. ಅವಳು ಎಲೆಯ ಕೆಳಗಿನ ಬಾಳೆಹಣ್ಣನ್ನು ನೋಡುತ್ತ ನಿಂತಳು. ನಾನು ತನಿಖೆ ಮುಗಿಸಿದವನ ಉತ್ಸಾಹದಲ್ಲಿದ್ದೆ.

"ನನ್ನ ಕಲ್ಲಿಗೆ ನೀನು ಹರಕೆ ಹೊತ್ತದ್ದು ಸರಿ ಅಮ್ಮ. ಆದ್ರೆ ಅದಕ್ಕಾಗಿ ನಾಯಿ ಸಾಯ್ಬಾರ್ದಲ್ಲ? ನನ್ನ ಕಲ್ಲಿಗೆ ಡಾಕ್ಟ್ರ ಮದ್ದು ಉಂಟು, ನೀನು ಸೋಮವಾರ ಬಿಟ್ಟುಬಿಡು," ಎಂದೆ.

ಅಮ್ಮ ತಲೆ ಎತ್ತಿದಳು. "ನಿನ್ನ ಯಾವ ಕಲ್ಲು?"

ನಾನು ಸೊಂಟದ ಬದಿಗೆ ಕೈಯಿಟ್ಟು ತೋರಿಸಿದೆ.

"ನಿನ್ನ ಕಲ್ಲಿಗೆ ನೀರು ಕುಡಿ ಅಂತ ಡಾಕ್ಟ್ರು ಹೇಳಿದ್ದಾರಲ್ಲ? ಅದಕ್ಕೆ ನಾನ್ಯಾಕೆ ಮೀನು ಬಿಡ್ಲಿ? ಇದಕ್ಕೆ ಫಿಟ್ಸ್ ಬಂದ ದಿನ ದೇವರಿಗೆ ಹೇಳಿದ್ದೆ, ಇದು ಉಳಿದ್ರೆ ಸೋಮವಾರ ಈ ಗೇಟಿನ ಒಳಗೆ ಮೀನು ತರುದಿಲ್ಲ ಅಂತ. ಫಿಟ್ಸ್ ನಿಂತಿತು, ಹಾಗೆ ಬಿಟ್ಟೆ."

ಹೇಳಿ ಮುಗಿಸುವಾಗಲೇ ಅವಳಿಗೆ ಎಲ್ಲವೂ ಅರ್ಥವಾಯಿತು. ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು. ನಾಯಿ ಬದುಕಲಿ ಎಂದು ಹೇಳಿಕೊಂಡ ಹರಕೆಯೇ ನಾಯಿಯನ್ನು ಬೀಳಿಸುತ್ತಿತ್ತು. "ನಾನೇ ಮಾಡಿದ್ದಾ ಇದು? ನನ್ನ ಕೈಯಿಂದಲೇ?" ಎಂದಳು. ನನಗೆ ನಗು ಬರುವುದರಲ್ಲಿತ್ತು, ಬರಲಿಲ್ಲ.

ಆಮೇಲೆ ನಾನು ನನ್ನ ವೃತ್ತಿಗೆ ತಕ್ಕಂತೆ ಷರತ್ತಿನಲ್ಲಿ ಸಂದು ಹುಡುಕತೊಡಗಿದೆ. ಮೊಟ್ಟೆ ಕೊಡಬಹುದಲ್ಲ ಎಂದೆ. ಸೋಮವಾರ ಮೊಟ್ಟೆ ಮೀನಿಗಿಂತ ಒಳ್ಳೆಯದು ಎಂದು ಯಾರು ಹೇಳಿದರು ಎಂದಳು. ನಾನೇ ಬಾಯಿ ತೆರೆದು ಹಾಕುತ್ತೇನೆ ಎಂದು, ವೈದ್ಯೆ ತೋರಿಸಿದ ಹಾಗೆ ನಾಯಿಯ ದವಡೆ ಹಿಡಿದು, ಮಾತ್ರೆ ಒಳಗಿಟ್ಟು, ಗಂಟಲು ಸವರಿದೆ. ಅದು ನುಂಗಿದಂತೆ ಮಾಡಿತು. ನಾನು ಗೆದ್ದೆನೆಂದು ಕೈ ತೊಳೆಯಲು ಹೋದಾಗ ಮಾತ್ರೆಯನ್ನು ನನ್ನ ಚಪ್ಪಲಿಯ ಒಳಗೆ ಬಿಟ್ಟಿತು. ಕೊನೆಗೆ, ಗೇಟಿನ ಹೊರಗೆ ರಸ್ತೆಯಲ್ಲಿ ನಿಂತು ಮೀನು ಕೊಟ್ಟರೆ ಹರಕೆ ಮುರಿಯುವುದಿಲ್ಲ, ಅಮ್ಮ ಹೇಳಿದ್ದು ಗೇಟಿನ ಒಳಗೆ ಎಂದು ತಾನೇ ಎಂದೆ.

"ಗೇಟಿನ ಹೊರಗೆ ದೇವರಿಗೆ ಕಣ್ಣು ಕಾಣುದಿಲ್ವಾ? ನಾನೆಂತ ಟ್ಯಾಕ್ಸ್ ತಪ್ಪಿಸ್ಲಿಕ್ಕೆ ಹೊರಟದ್ದಾ?" ಎಂದಳು ಅಮ್ಮ. ಅಲ್ಲಿಗೆ ನನ್ನ ಬುದ್ಧಿ ಮುಗಿಯಿತು.

ಅವಳು ಎದ್ದು ಮುಖ ತೊಳೆದು, ಸೀರೆ ಬದಲಿಸಿ, ಒಂದು ನಾಣ್ಯವನ್ನು ಅರಿಸಿನದ ಬಟ್ಟೆಯಲ್ಲಿ ಗಂಟು ಕಟ್ಟಿದಳು. ನಮ್ಮಲ್ಲಿ ಅದು ತಪ್ಪು ಕಾಣಿಕೆ. ನಡೆಸಲಾಗದ ಮಾತಿಗೆ ದೇವರ ಮುಂದಿಡುವ ಕ್ಷಮೆ. ಸ್ಕೂಟರಿನಲ್ಲಿ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ನಾನು ಕಂಬಕ್ಕೆ ಒರಗಿ ನಿಂತೆ, ಅವಳು ಗರ್ಭಗುಡಿಯ ನಡೆಯ ಮುಂದೆ ನಿಂತು ಬಹಳ ಹೊತ್ತು ತುಟಿ ಅಲ್ಲಾಡಿಸಿದಳು. ಕೈ ಮುಗಿದಿದ್ದಳು ನಿಜ, ಆದರೆ ನಡುನಡುವೆ ಒಂದು ಕೈ ಬಿಡಿಸಿಕೊಂಡು ಬೀಸುತ್ತಿದ್ದಳು. ಮೀನು ಮಾರುವಾಗ ಗಿರಾಕಿಯ ಜೊತೆ ಹಾಗೆಯೇ ಮಾತಾಡುತ್ತಿದ್ದಳು. ಬರುವಾಗ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಲು ಹೇಳಿ ತಾನೇ ಬೂತಾಯಿ ಆರಿಸಿದಳು. ಆ ಸಂಜೆ ಸೋಮವಾರವೇ ಗೇಟಿನ ಒಳಗೆ ಮೀನು ಬೆಂದಿತು. ನಾಯಿ ಒಂದೇ ಬಾಯಿಗೆ ನುಂಗಿತು. ಅಮ್ಮ ಮಾತ್ರ ಗಂಜಿಗೆ ಉಪ್ಪಿನಕಾಯಿ ಹಚ್ಚಿಕೊಂಡು ಉಂಡಳು.

ಬೆಳಿಗ್ಗೆ ನಾನು ಎದ್ದು ಬರುವಾಗ ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದಳು. ನಾಯಿ ಅವಳ ತೊಡೆಗೆ ತಲೆಯಿಟ್ಟು ಮಲಗಿತ್ತು, ಅವಳ ಕೈ ಅದರ ಹೊಟ್ಟೆಯ ಮೇಲಿತ್ತು. ಮೀಟಿಂಗಿಗೆ ಬರುವುದಿಲ್ಲ ಎಂದು ಫೋನ್ ಮಾಡಿ ನಾನೂ ಪಕ್ಕದಲ್ಲಿ ಕುಳಿತೆ. ಹಾಲಿನವನು ಬಂದು ಹೋದ, ಶಾಲೆಯ ವ್ಯಾನು ಹೋಯಿತು, ಬಿಸಿಲು ಅಂಗಳಕ್ಕೆ ಇಳಿಯಿತು. ಏನೂ ಆಗಲಿಲ್ಲ. ನಾಯಿ ಎದ್ದು ಮೈ ಕೊಡವಿ ಪಕ್ಕದ ಮನೆಯ ಬೆಕ್ಕನ್ನು ಓಡಿಸಲು ಹೋಯಿತು.

"ನಿನ್ನೆ ದೇವರ ಹತ್ತಿರ ಅಷ್ಟು ಹೊತ್ತು ಎಂತ ಹೇಳಿದ್ದು?" ಎಂದು ಕೇಳಿದೆ.

"ಎಂತ ಹೇಳುದು? ಹರಕೆ ಹೇಳಿದ್ದು ನಾನು, ಮುರಿದದ್ದೂ ನಾನು. ಸಿಟ್ಟು ತೀರಿಸುದಿದ್ರೆ ನನ್ನ ಮೇಲೆ ತೀರಿಸು, ಈ ಬಾಯಿ ಇಲ್ಲದ್ದರ ಮೇಲೆ ಬೇಡ ಅಂತ ಹೇಳಿದೆ. ನನಗೆ ಹೇಗೂ ವಯಸ್ಸಾಯ್ತಲ್ಲ."

ಅವಳು ಅದನ್ನು ಪೇಟೆಯ ಸುದ್ದಿ ಹೇಳಿದ ಹಾಗೆ ಹೇಳಿದಳು. ಹರಕೆ ಇತ್ಯಾದಿಗಳನ್ನು ನಾನು ನಂಬುವುದಿಲ್ಲ, ಆದರೆ ಅಮ್ಮ ನಂಬುತ್ತಾಳೆ. ನಂಬಿಯೂ ಹಾಗೆ ಹೇಳಿ ಬಂದಿದ್ದಳು. ಅಮ್ಮ ಇಲ್ಲದ ಮನೆಯನ್ನು ಯೋಚಿಸಿ ಹೆದರಿಕೆಯಾಯಿತು. ಆ ಹೆದರಿಕೆಯನ್ನು ಹೇಗೆ ಹೇಳಬೇಕೆಂದು ತಿಳಿಯದೆ, "ಹಾಗಾದ್ರೆ ನನ್ನ ಬಗ್ಗೆ ಒಂದು ಮಾತೂ ಹೇಳ್ಲಿಲ್ವಾ?" ಎಂದೆ.

"ನಿನಗೆ ಬಾಯಿ ಉಂಟಲ್ಲ," ಎಂದಳು ಅಮ್ಮ. "ಬೇಕಾದ್ರೆ ನೀನೇ ಹೋಗಿ ಹೇಳು."

ಆ ಸಂಜೆ ಬಲ್ಮಠದ ಅಂಗಡಿಯಿಂದ ಮತ್ತೆ ಅದೇ ಅಗ್ಗದ ಮಾತ್ರೆ ತೆಗೆದುಕೊಂಡೆ. ಆ ಹೆಂಗಸು ಹೊಸ ಚೀಟಿಗೆ ಮೊಹರು ಒತ್ತಿ ಕೊಟ್ಟರು. ಮನೆಗೆ ಬರುವ ದಾರಿಯಲ್ಲಿ ದೇವಸ್ಥಾನದ ಮುಂದೆ ಸ್ಕೂಟರ್ ನಿಲ್ಲಿಸಿ ಒಳಗೆ ಹೋದೆ. ಅಮ್ಮ ನಿಂತ ಜಾಗದಲ್ಲೇ ನಿಂತು, ಅಮ್ಮನ ಮೇಲೆ ಮಾತ್ರ ಬೇಡ ಎಂದು ಹೇಳಿದೆ. ಹಾಗಾದರೆ ಯಾರ ಮೇಲೆ ಎಂದು ದೇವರು ಕೇಳುವ ಮೊದಲೇ ಹೊರಗೆ ಬಂದು ಸ್ಕೂಟರ್ ಸ್ಟಾರ್ಟ್ ಮಾಡಿದೆ.